‘ಯಾವ ಶಾಲೆ ಅಪ್ಪೀ?’: ಮನೆಯಲ್ಲೇ ಕಲಿಯುವ ಮಗು, ಊರವರ ಪ್ರಶ್ನೆ

ಪ್ರಶ್ನೆ: ನಾವು ಸಾಗರದ ಹತ್ತಿರದ ಹಳ್ಳಿಯವರು. ಗಂಡ ಅಡಿಕೆ ತೋಟ ನೋಡಿಕೊಳ್ಳುತ್ತಾರೆ, ನಾನು ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಮಗನಿಗೆ ಒಂಬತ್ತೂವರೆ ವರ್ಷ. ಮೂರನೇ ತರಗತಿಯಲ್ಲಿದ್ದಾಗ ಓದು ನಿಧಾನ ಎಂದು ಎಲ್ಲರೆದುರು ನಿಲ್ಲಿಸುತ್ತಿದ್ದರು. ಬೆಳಗಾದರೆ ಹೊಟ್ಟೆನೋವು, ಅಳು. ಮೂರನೆಯದು ಮುಗಿಸಿ ಹೋದ ಏಪ್ರಿಲ್‌ನಲ್ಲಿ ಬಿಡಿಸಿದೆವು, ಮನೆಯಲ್ಲೇ ಕಲಿಸುತ್ತಿದ್ದೇವೆ. ಹೊಟ್ಟೆನೋವು ಹೋಯಿತು. ಆದರೆ ಮದುವೆ, ಮುಂಜಿ ಎಂದು ಹೋದಲ್ಲೆಲ್ಲ ‘ಯಾವ ಶಾಲೆ ಅಪ್ಪೀ? ಎಷ್ಟನೇ ಕ್ಲಾಸು?’ ಎನ್ನುತ್ತಾರೆ, ಅವನು ನನ್ನ ಸೆರಗಿನ ಹಿಂದೆ ಸರಿಯುತ್ತಾನೆ. ಭಾವನವರೊಬ್ಬರು ಊಟದ ಪಂಕ್ತಿಯಲ್ಲೇ ಹದಿನೇಳರ ಮಗ್ಗಿ ಕೇಳಿದರು. ಅವನು ಅರ್ಧ ಊಟಕ್ಕೆ ಎದ್ದ. ಅತ್ತೆಯವರು ‘ಮಗೂನ ಹಾಳು ಮಾಡ್ತಿದೀರಿ’ ಎಂದು ಕಣ್ಣೀರು ಹಾಕುತ್ತಾರೆ. ಟೈಮ್‌ಟೇಬಲ್ ಹಾಕಿದರೆ ನಾಲ್ಕೇ ದಿನದಲ್ಲಿ ಜಗಳ, ಹಾಕದಿದ್ದರೆ ಮಧ್ಯಾಹ್ನವಾದರೂ ಏನೂ ಆಗಿರುವುದಿಲ್ಲ. ಹೋದ ತಿಂಗಳು ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಬಂದ ಮೇಷ್ಟ್ರು ಹೆಸರು, ಫೋನ್ ನಂಬರ್ ಬರೆದುಕೊಂಡು ‘ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಕೇಳಬಹುದು’ ಎಂದು ಹೋದರು. ನಾವು ಮಾಡುತ್ತಿರುವುದು ಅಪರಾಧವೇ? ಯಾವುದಾದರೂ ಶಾಲೆಯಲ್ಲಿ ಹೆಸರು ಮಾತ್ರ ಹಾಕಿಸಿಡಿ ಎಂದು ಕೆಲವರು ಹೇಳುತ್ತಾರೆ. ಮಾಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯ ಕೂಡಿಕೊಂಡಿವೆ. ಜನ ಏನೆನ್ನುತ್ತಾರೋ, ಸರ್ಕಾರ ಏನು ಮಾಡುತ್ತದೋ, ಮಗ ನಿಜಕ್ಕೂ ಕಲಿಯುತ್ತಿದ್ದಾನೋ ಇಲ್ಲವೋ. ಮನೆಯಲ್ಲಿ ಕಲಿಸುವ ಕುಟುಂಬಗಳ ಜೊತೆ ಕೆಲಸ ಮಾಡುತ್ತ ನಾನು ಕಂಡುಕೊಂಡಿದ್ದೆಂದರೆ, ಮೂರನೆಯ ಭಯಕ್ಕೆ ಮನೆಯಲ್ಲಿ ಉತ್ತರ ಸಿಕ್ಕಿದರೆ ಮೊದಲಿನೆರಡು ಅರ್ಧಕ್ಕಿಳಿಯುತ್ತವೆ. ಆದರೆ ಮೇಷ್ಟ್ರು ಬಂದುಹೋದ ಮೇಲೆ ನಿಮಗೆ ನೆಮ್ಮದಿ ಇರಲಿಕ್ಕಿಲ್ಲ. ಹಾಗಾಗಿ ಕಾನೂನಿನಿಂದಲೇ ಶುರು ಮಾಡುತ್ತೇನೆ.

ಮನೆಶಿಕ್ಷಣ ಪೂರ್ತಿ ಕಾನೂನುಬದ್ಧ ಎನ್ನುವವರೂ ಇದ್ದಾರೆ, ಜೈಲಿಗೆ ಹಾಕುತ್ತಾರೆ ಎಂದು ಹೆದರಿಸುವವರೂ ಇದ್ದಾರೆ. ಎರಡೂ ನಿಜವಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಸೆಕ್ಷನ್, 6ರಿಂದ 14 ವರ್ಷದ ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಎನ್ನುತ್ತದೆ. ಆ ಕರ್ತವ್ಯ ಪಾಲಿಸದ ಪೋಷಕರಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಅದರ 8ನೇ ಸೆಕ್ಷನ್ ‘ಕಡ್ಡಾಯ’ ಎಂಬ ಭಾರವನ್ನು ಹೊರಿಸುವುದು ಸರ್ಕಾರದ ಮೇಲೆ. ಹಾಗಂತ ಮನೆಯಲ್ಲೇ ಕಲಿಸಬಹುದು ಎಂದು ಎಲ್ಲರಿಗೂ ಅನುಮತಿ ಕೊಡುವ ಸಾಲೂ ಅದರಲ್ಲಿಲ್ಲ. ಬಹುವಿಧದ ಅಥವಾ ತೀವ್ರ ಅಂಗವೈಕಲ್ಯ ಇರುವ ಮಕ್ಕಳಿಗೆ ಮಾತ್ರ 2012ರ ತಿದ್ದುಪಡಿ ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕನ್ನು ಸ್ಪಷ್ಟವಾಗಿ ಕೊಟ್ಟಿದೆ. ದೆಹಲಿ ಹೈಕೋರ್ಟ್‌ನ ಒಂದು ಪ್ರಕರಣದಲ್ಲಿ ಕೇಂದ್ರ ಸರ್ಕಾರ 2012ರಲ್ಲಿ, ಸ್ವಇಚ್ಛೆಯಿಂದ ಮನೆಯಲ್ಲಿ ಕಲಿಸುವವರಿಗೆ ಈ ಕಾಯ್ದೆ ಅಡ್ಡಿಯಲ್ಲ ಎಂಬರ್ಥದ ನಿಲುವು ತಿಳಿಸಿ ಆಮೇಲೆ ಅದರಿಂದ ಹಿಂದೆ ಸರಿಯಿತು. ಆದ್ದರಿಂದ ನೀವು ಅಪರಾಧಿಗಳಲ್ಲ, ಆದರೆ ಕಾನೂನು ಸ್ಪಷ್ಟವಾಗಿ ಕಾಯುವ ಜಾಗದಲ್ಲೂ ನಿಂತಿಲ್ಲ. ಈ ಅನಿಶ್ಚಯ ಒಪ್ಪಿಕೊಂಡೇ ಮನೆಶಿಕ್ಷಣದ ದಾರಿಯಲ್ಲಿ ನಡೆಯಬೇಕು.

ಸಮೀಕ್ಷೆಗೆ ಬಂದ ಮೇಷ್ಟ್ರನ್ನು ದಯವಿಟ್ಟು ವಿರೋಧಿಯಂತೆ ನೋಡಬೇಡಿ. ಆ ಪಟ್ಟಿ ಇರುವುದು ಕೂಲಿಗೆ ಹೋಗುವ ಮಗುವನ್ನು, ಬಾಲ್ಯವಿವಾಹಕ್ಕೆ ಸಿಕ್ಕಿಬೀಳಬಹುದಾದ ಹುಡುಗಿಯನ್ನು ಹುಡುಕಲು. ಅವರು ನಿಮ್ಮ ಮನೆ ಬಾಗಿಲಿಗೆ ಬರದೆ ಹೋಗಿದ್ದರೆ ನನಗೆ ಬೇಸರವಾಗುತ್ತಿತ್ತು. ಮುಂದಿನ ಸಲ ಬಂದಾಗ ಒಳಗೆ ಕರೆದು ಕೂರಿಸಿ, ಮಗು ಏನು ಓದುತ್ತಿದ್ದಾನೆ ತೋರಿಸಿ, ಇದ್ದದ್ದನ್ನು ಇದ್ದಹಾಗೆ ಹೇಳಿ. ‘ಬೇರೆ ಊರಲ್ಲಿ ಸೇರಿಸಿದ್ದೇವೆ’ ಎಂಬ ಸುಳ್ಳು ಬೇಡ. ಶಿಕ್ಷಣ ಇಲಾಖೆ ವಿದ್ಯಾರ್ಥಿಗಳ ದಾಖಲೆ ಇಡುವ ಸ್ಯಾಟ್ಸ್ ತಂತ್ರಾಂಶದಲ್ಲಿ ಮಗುವಿನ ಸಂಖ್ಯೆ ಹಾಕಿದರೆ ಯಾವ ಶಾಲೆಯಲ್ಲಿದ್ದಾನೆ ಎಂಬುದು ಗೊತ್ತಾಗುತ್ತದೆ. ಹಳೆಯ ಶಾಲೆಯಿಂದ ಟಿಸಿ ತೆಗೆದುಕೊಂಡಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ತೆಗೆದುಕೊಂಡಿರದಿದ್ದರೆ ಅಲ್ಲಿಯ ದಾಖಲೆಯಲ್ಲಿ ಅವನು ಹೇಳದೆ ಕೇಳದೆ ಗೈರಾದ ಹುಡುಗ. ಟಿಸಿ ತೆಗೆದುಕೊಂಡು, ಮನೆಯಲ್ಲಿ ಕಲಿಸುತ್ತಿದ್ದೇವೆ ಎಂದು ಒಂದು ಪುಟದ ಪತ್ರ ಬರೆದು ಪ್ರತಿ ಇಟ್ಟುಕೊಳ್ಳಿ. ರಾಜ್ಯದ 1983ರ ಶಿಕ್ಷಣ ಕಾಯ್ದೆಯಲ್ಲಿ ಹಾಜರಾತಿ ನೋಡಿಕೊಳ್ಳುವ ಅಧಿಕಾರಿಗಳ ವ್ಯವಸ್ಥೆಯೂ ಇದೆ. ಹಾಗಾಗಿ ಕಚೇರಿಯಿಂದ ಲಿಖಿತ ನೋಟಿಸ್ ಬಂದರೆ ಮಡಚಿಟ್ಟು ಸುಮ್ಮನಾಗಬೇಡಿ, ವಕೀಲರಿಗೊಮ್ಮೆ ತೋರಿಸಿ ಲಿಖಿತವಾಗಿಯೇ ಉತ್ತರ ಕೊಡಿ.

ಹೆಸರು ಮಾತ್ರ ಹಾಕಿಸಿಡುವ ಸಲಹೆ ನನಗೂ ಆಗಾಗ ಕೇಳಿಬರುತ್ತದೆ. ಬೇಡ. ಬಾರದ ಮಗುವಿಗೆ ಯಾರೋ ಒಬ್ಬ ಶಿಕ್ಷಕರು ದಿನಾ ಹಾಜರಿ ಹಾಕಬೇಕಾಗುತ್ತದೆ, ಸಿಕ್ಕಿಬಿದ್ದರೆ ಕೆಲಸಕ್ಕೆ ಕುತ್ತು ಬರುವುದು ಅವರಿಗೆ. ಇನ್ನು ನಿಮ್ಮ ಮಗ ‘ಯಾರಾದರೂ ಕೇಳಿದರೆ ಆ ಶಾಲೆ ಅನ್ನು’ ಎಂಬ ಪಾಠವನ್ನೂ ಕಲಿಯುತ್ತಾನೆ. ಸೆರಗಿನ ಹಿಂದೆ ಅಡಗುವ ಮಗುವಿಗೆ ಇದು ಇನ್ನಷ್ಟು ಕಷ್ಟ.

ಆದರೆ ಆ ಸಲಹೆ ಕೊಡುವವರ ಮನಸ್ಸಿನಲ್ಲಿರುವ ಒಂದು ಚಿಂತೆ ನಿಜವಾದದ್ದು, ಅದನ್ನು ನಿಮಗೆ ಯಾರೂ ಬಿಡಿಸಿ ಹೇಳಿದಂತಿಲ್ಲ. ಎಂಜಿನಿಯರಿಂಗ್‌ನಂಥ ವೃತ್ತಿ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಕೆಸಿಇಟಿ ಮೂಲಕ ರಾಜ್ಯದ ಸೀಟಿಗೆ ಹೋಗುವ ಸಾಮಾನ್ಯ ದಾರಿಯಲ್ಲಿ, ಒಂದನೇ ತರಗತಿಯಿಂದ ದ್ವಿತೀಯ ಪಿಯು ತನಕ ಕನಿಷ್ಠ 7 ವರ್ಷ ಕರ್ನಾಟಕದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಓದಿರಬೇಕು. ಮನೆಯಲ್ಲಿ ಕಲಿತ ವರ್ಷಗಳನ್ನು ಆ ಲೆಕ್ಕಕ್ಕೆ ನಂಬಿಕೊಳ್ಳಬೇಡಿ. ನಿಮ್ಮ ಮಗನ ಖಾತೆಯಲ್ಲಿ ಈಗ 3 ವರ್ಷ ಇದೆ. ಅವನು ಒಂಬತ್ತನೇ ತರಗತಿಗೆ ಶಾಲೆ ಸೇರಿ ದ್ವಿತೀಯ ಪಿಯು ಮುಗಿಸಿದರೆ 4 ಸೇರಿ ಸರಿಯಾಗಿ 7. ಎಂಟನೆಯದಕ್ಕೆ ಸೇರಿದರೆ 8, ಒಂದು ವರ್ಷ ಕೈಯಲ್ಲಿರುತ್ತದೆ. ಹತ್ತರವರೆಗೂ ಮನೆಯಲ್ಲೇ ಇದ್ದು ಪಿಯುಗೆ ಮಾತ್ರ ಹೋದರೆ 5, ಸಾಲದು. ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತರವರೆಗೆ ಗ್ರಾಮಾಂತರ ಶಾಲೆಯಲ್ಲೇ ಓದಿರಬೇಕು, ಕನ್ನಡ ಮಾಧ್ಯಮದ ಮೀಸಲಾತಿಗೂ ಅಷ್ಟೇ ವರ್ಷ ಕನ್ನಡದಲ್ಲಿ ಓದಿರಬೇಕು. ಹಳ್ಳಿಯ ಮಕ್ಕಳಿಗೆ ಸಿಗುವ ಈ ಎರಡು ಅನುಕೂಲ ನಿಮ್ಮ ಮಗನಿಗೆ ಈಗಾಗಲೇ ಕೈತಪ್ಪಿದಂತೆಯೇ. ಪೋಷಕರ ಹಿನ್ನೆಲೆ ನೋಡುವ ಬೇರೆ ಕಲಮುಗಳೂ ಆ ಪರೀಕ್ಷೆ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕೈಪಿಡಿಯಲ್ಲಿವೆ. ಹೊತ್ತು ಬಂದಾಗ ಆ ವರ್ಷದ ಕೈಪಿಡಿಯನ್ನೇ ಓದಿ, ನನ್ನ ಮಾತನ್ನಾಗಲಿ ಇನ್ನೊಬ್ಬರ ಮಾತನ್ನಾಗಲಿ ಅಷ್ಟಕ್ಕೇ ನಂಬಬೇಡಿ. ನಿಮ್ಮ ಮಗ ಎಂಜಿನಿಯರೇ ಆಗಬೇಕೆಂದು ನಾನು ಹೇಳುತ್ತಿಲ್ಲ. ಅವನಿಗೆ ಹದಿನೇಳಾದಾಗ ಈ ಲೆಕ್ಕ ಮೊದಲ ಸಲ ಕಿವಿಗೆ ಬೀಳಬಾರದು, ಅಷ್ಟೇ.

ಈಗ ಮದುವೆಮನೆಗೆ ಬರೋಣ.

ಕೇಳುವವರೆಲ್ಲ ಒಂದೇ ಅಲ್ಲ. ‘ಯಾವ ಶಾಲೆ ಅಪ್ಪೀ’ ಎನ್ನುವ ಹತ್ತರಲ್ಲಿ ಎಂಟು ಮಂದಿಗೆ ಮಗುವಿನ ಹತ್ತಿರ ಬೇರೆ ಏನು ಮಾತಾಡಬೇಕೆಂದು ಗೊತ್ತಿರುವುದಿಲ್ಲ. ಅವರಿಗೆ ನಿಮ್ಮ ಶಿಕ್ಷಣ ತತ್ವ ಬೇಕಿಲ್ಲ. ‘ಮನೇಲೇ ಓದ್ತಿದೀನಿ, ನಾಲ್ಕನೇದರ ಪುಸ್ತಕ’ ಎಂದರೆ ಸಾಕು, ಮಾತು ಮುಂದೆ ಹೋಗುತ್ತದೆ. ಈ ಒಂದು ಸಾಲನ್ನು ಮಗ ತನ್ನದೇ ಮಾತಿನಲ್ಲಿ ಹೇಳುವಷ್ಟು ಮನೆಯಲ್ಲಿ ಆಡಿಕೊಂಡಿರಿ. ಒಮ್ಮೆ ನೀವು ಅತ್ತೆಯಾಗಿ ಕೇಳಿ, ಒಮ್ಮೆ ಅವನು ಭಾವನಾಗಿ ನಿಮ್ಮನ್ನು ಕೇಳಲಿ. ಯಾಕೆ ಬಿಟ್ಟೆ ಎಂದು ಕೆದಕಿದರೆ ‘ಅಮ್ಮನ್ನ ಕೇಳಿ’ ಎನ್ನುವ ಹಕ್ಕು ಅವನಿಗಿದೆ ಎಂಬುದನ್ನೂ ಹೇಳಿಕೊಡಿ. ತಂದೆ ತಾಯಿ ಮಾಡಿದ ಆಯ್ಕೆಯನ್ನು ಸಮರ್ಥಿಸುವ ಕೆಲಸ ಒಂಬತ್ತರ ಹುಡುಗನದ್ದಲ್ಲ.

ಪಂಕ್ತಿಯಲ್ಲಿ ಮಗ್ಗಿ ಕೇಳುವುದು ಬೇರೆ ವಿಷಯ. ಅಲ್ಲಿ ನೀವು ಅಥವಾ ನಿಮ್ಮ ಗಂಡ ನಡುವೆ ಬರಲೇಬೇಕು. ‘ಭಾವ, ಅವನು ಊಟ ಮಾಡಲಿ. ಒಂದಿನ ಮನೆಗೆ ಬನ್ನಿ, ಅವನ ಪುಸ್ತಕ ಎಲ್ಲ ತೋರಿಸ್ತಾನೆ’ ಎಂದು ನಗುಮೊಗದಲ್ಲೇ ಹೇಳಬಹುದು. ಶಾಲೆಗೆ ಹೋಗುವ ಒಂಬತ್ತರ ಮಗುವಿಗೂ ಹದಿನೇಳರ ಮಗ್ಗಿ ಬರಬೇಕೆಂದಿಲ್ಲ. ಅದನ್ನು ಅಲ್ಲಿ ವಾದಿಸದೆ ರಾತ್ರಿ ಮಗನಿಗೆ ಹೇಳಿ. ಅವಮಾನದಿಂದ ಎದ್ದು ಹೋದವನಿಗೆ ತನ್ನದು ತಪ್ಪಲ್ಲ ಎಂದು ಹೇಳುವವರು ಬೇಕು. ಶಾಲೆ ಬಿಡಿಸಿದ್ದೂ ಅದಕ್ಕೇ ಅಲ್ಲವೇ?

ಇನ್ನೆರಡು ಮಾತು. ಉತ್ತರ ಕೊಡುವಾಗ ಶಾಲೆಗಳನ್ನು ಬೈಯಬೇಡಿ. ಕೇಳುವವರ ಮಕ್ಕಳೂ ಅದೇ ಶಾಲೆಗಳಲ್ಲಿದ್ದಾರೆ, ನಿಮ್ಮ ಮಾತು ಅವರ ಮೇಲಿನ ದೂರಾಗಿ ಕೇಳುತ್ತದೆ. ಮನೆಯಲ್ಲೇ ಓದಿದ ಮುಂಬಯಿಯ ಮಾಳವಿಕಾ ಜೋಶಿ 2016ರಲ್ಲಿ ಅಮೆರಿಕದ ಎಂಐಟಿ ಸೇರಿದ ಸುದ್ದಿಯನ್ನು ಗುರಾಣಿಯಂತೆ ಹಿಡಿಯುವವರನ್ನು ನೋಡಿದ್ದೇನೆ. ಆಕೆ ಅಂತರರಾಷ್ಟ್ರೀಯ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್‌ನಲ್ಲಿ ಪದಕ ಗೆದ್ದ ಪ್ರತಿಭೆ. ಆ ಹೋಲಿಕೆ ಕೇಳಿಸಿಕೊಂಡು ಬೆಳೆಯುವ ಸಾಮಾನ್ಯ ಮಗುವಿಗೆ ತಾನೂ ಏನಾದರೂ ಸಾಧಿಸಿ ಅಪ್ಪ ಅಮ್ಮನ ಮರ್ಯಾದೆ ಉಳಿಸಬೇಕು ಎಂಬ ಭಾರ ಬೀಳುತ್ತದೆ.

ಅತ್ತೆಯವರ ಕಣ್ಣೀರನ್ನು ಮಾತ್ರ ಊರವರ ಪ್ರಶ್ನೆಯ ಜೊತೆ ಸೇರಿಸಬೇಡಿ. ಅವರು ದಿನವಿಡೀ ಮೊಮ್ಮಗ ಅಂಗಳದಲ್ಲಿರುವುದನ್ನು ನೋಡುತ್ತಾರೆ, ಕಲಿಯುವುದು ಅವರ ಕಣ್ಣಿಗೆ ಬೀಳುವುದಿಲ್ಲ. ಅವರ ಹತ್ತಿರ ಮಾತಾಡಬೇಕಾದವರು ನಿಮ್ಮ ಗಂಡ. ಸೊಸೆ ಎಷ್ಟು ವಿವರಿಸಿದರೂ ಅದು ಸೊಸೆಯ ಹಟವಾಗಿಯೇ ಕೇಳುತ್ತದೆ. ಅದಕ್ಕಿಂತ ಒಳ್ಳೆಯದು, ಕಲಿಕೆಯ ಒಂದು ತುಂಡನ್ನು ಅವರ ಕೈಗೇ ಕೊಡುವುದು. ದಿನಾ ಮಧ್ಯಾಹ್ನ ಕಾಲು ಗಂಟೆ ಮೊಮ್ಮಗ ಅಜ್ಜಿಗೆ ಪೇಪರ್ ಓದಿ ಹೇಳಲಿ, ಪಂಚಾಂಗದಲ್ಲಿ ತಿಥಿ ನಕ್ಷತ್ರ ನೋಡಿ ಹೇಳಲಿ. ನಿಧಾನ ಓದುವ ಮಗುವಿಗೆ ಅವಸರವಿಲ್ಲದ ಕೇಳುಗರು ಬೇಕು, ಅಜ್ಜಿಗಿಂತ ಒಳ್ಳೆಯವರು ಸಿಗುವುದಿಲ್ಲ. ಎರಡು ತಿಂಗಳಾದ ಮೇಲೆ ಓದು ಎಷ್ಟು ಸುಧಾರಿಸಿದೆ ಎಂದು ನೆಂಟರಿಗೆ ಹೇಳುವವರೂ ಅವರೇ ಆಗಬಹುದು.

ದಿನಚರಿ. ನಿಮ್ಮ ಟೈಮ್‌ಟೇಬಲ್ ನಾಲ್ಕು ದಿನದಲ್ಲಿ ಬೀಳುವುದಕ್ಕೆ ಮಗನ ಹಟವಾಗಲಿ ನಿಮ್ಮ ಸೋಮಾರಿತನವಾಗಲಿ ಕಾರಣವಲ್ಲ. ನೀವು ಹಾಕಿರುವುದು ಶಾಲೆಯ ಪಟ್ಟಿ ಎಂದುಕೊಳ್ಳುತ್ತೇನೆ: ಕನ್ನಡ, ಗಣಿತ, ಇಂಗ್ಲಿಷ್, ಪರಿಸರ, ತಲಾ ನಲವತ್ತು ನಿಮಿಷ. ಶಾಲೆಯಲ್ಲಿ ಪ್ರಾರ್ಥನೆ, ಹಾಜರಿ, ಮೂವತ್ತು ಮಕ್ಕಳ ಪುಸ್ತಕ ತಿದ್ದುವುದು ಎಲ್ಲ ಸೇರಿ ಐದಾರು ಗಂಟೆ. ಒಬ್ಬನೇ ಮಗು, ಪಕ್ಕದಲ್ಲೇ ಕೂತ ತಾಯಿ ಇದ್ದಾಗ ಈ ವಯಸ್ಸಿಗೆ ಗಮನವಿಟ್ಟು ಕೂರುವ ಎರಡು ಗಂಟೆ ಸಾಕು. ಅದಕ್ಕಿಂತ ಹೆಚ್ಚು ಕೂರಿಸಿದರೆ ಉಳಿಯುವುದು ಜಗಳ.

ಗಡಿಯಾರ ಬಿಡಿ, ಕ್ರಮ ಹಿಡಿಯಿರಿ. ತಿಂಡಿಯಾದ ಕೂಡಲೇ, ಮೊಬೈಲು, ತೋಟ, ಸೈಕಲ್ಲು ಯಾವುದೂ ಶುರುವಾಗುವ ಮೊದಲು, ಒಂದೇ ಜಾಗದಲ್ಲಿ ಕೂರುವುದು. ಅವನಿಗೆ ಅತಿ ಕಷ್ಟವಾದದ್ದು ಮೊದಲು, ಅಂದರೆ ಓದು. ಒಂದು ಪ್ಯಾರಾ ನೀವು, ಒಂದು ಪ್ಯಾರಾ ಅವನು, ಇಪ್ಪತ್ತು ನಿಮಿಷ. ಆಮೇಲೆ ಲೆಕ್ಕ ಅರ್ಧ ಗಂಟೆ. ಎದ್ದು ಒಂದು ಸುತ್ತು ಓಡಿ ಬಂದು ನಾಲ್ಕೈದು ಸಾಲು ಬರಹ, ದಿನ ಬಿಟ್ಟು ದಿನ ಇಂಗ್ಲಿಷ್. ಅಲ್ಲಿಗೆ ಮುಗಿಯಿತು ಎಂದರೆ ಮುಗಿಯಬೇಕು. ಬೇಗ ಮುಗಿಸಿದ ಎಂದು ಇನ್ನೊಂದು ಪುಟ ಕೊಟ್ಟರೆ ಮಾರನೇ ದಿನದಿಂದ ಅವನು ಬೇಗ ಮುಗಿಸುವುದಿಲ್ಲ. ಆ ಹೊತ್ತಿನಲ್ಲಿ ನಿಮ್ಮ ಲ್ಯಾಪ್‌ಟಾಪ್ ಮುಚ್ಚಿರಬೇಕು, ಇದು ಎಲ್ಲಕ್ಕಿಂತ ಕಷ್ಟದ ಭಾಗ ಎಂದು ನನಗೆ ಗೊತ್ತು. ಕಕ್ಷಿದಾರರ ಫೋನು ಹನ್ನೊಂದರ ಮೇಲೆ ಎಂದು ಗೊತ್ತು ಮಾಡಿಕೊಳ್ಳಿ. ಶಾಲೆ ಬಿಟ್ಟ ಹೊಸತರಲ್ಲಿ ಕೆಲವು ತಿಂಗಳು ಪುಸ್ತಕ ಕಂಡರೆ ಓಡುವುದು ಸಹಜ. ನೀವು ಆ ಘಟ್ಟ ದಾಟಿದ್ದೀರಿ, ಇನ್ನು ನಿಯಮ ಬೇಕು.

ಉಳಿದ ಹೊತ್ತು ವ್ಯರ್ಥ ಎಂದು ತಿಳಿಯಬೇಡಿ, ಎಲ್ಲವೂ ಕಲಿಕೆ ಎಂದೂ ತಿಳಿಯಬೇಡಿ. ಅಡುಗೆಮನೆಯಲ್ಲಿ ಪಾವಿನಿಂದ ಅಕ್ಕಿ ಅಳೆಯುವ ಹುಡುಗನಿಗೆ ಎರಡು ಪಾವು ಸೇರಿದರೆ ಅಚ್ಚೇರು, ನಾಲ್ಕು ಸೇರಿದರೆ ಸೇರು ಎಂಬುದು ಕೈಗೇ ಗೊತ್ತಾಗುತ್ತದೆ. ಮೂರು ಪಾವು ಅಂದರೆ ಮುಕ್ಕಾಲು ಸೇರು ಎಂದು ಥಟ್ಟನೆ ಹೇಳಿಯಾನು. ಆದರೆ ಅದೇ ಸಂಜೆ ಅದನ್ನು 3/4 ಎಂದು ಕಾಗದದ ಮೇಲೆ ಬರೆದು, ಒಂದು ಪಾವು ತೆಗೆದರೆ ಎಷ್ಟು ಉಳಿಯಿತು ಎಂದು ಕಳೆಯದಿದ್ದರೆ, ಐದನೆಯದರ ಪುಸ್ತಕದಲ್ಲಿ ಭಿನ್ನರಾಶಿ ಎದುರಾದಾಗ ಅದೇ ಇದು ಎಂದು ಅವನು ಗುರುತಿಸುವುದಿಲ್ಲ. ಮನೆಶಿಕ್ಷಣ ಸಡಿಲವಾಗುವುದು ಇಲ್ಲಿಯೇ. ಬಾಯಲ್ಲಿ ಎಲ್ಲ ಗೊತ್ತು, ಕಾಗದದಲ್ಲಿ ಏನೂ ಇಲ್ಲ. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಮನೆ ತುಂಬ ಜನ, ಗಡಿಬಿಡಿ. ಆಗ ಓದು ಮತ್ತು ಲೆಕ್ಕ ಎರಡನ್ನೇ ಉಳಿಸಿಕೊಂಡು ಮಿಕ್ಕದ್ದು ಬಿಡಿ. ಚೀಲ ತೂಗಿ ಬರೆದುಕೊಳ್ಳುವುದು ಅವನಿಗೆ ಪಾಠ. ಆದರೆ ದಿನವಿಡೀ ಕತ್ತಿಯ ಮುಂದೆ ಅಡಿಕೆ ಸುಲಿಯಲು ಕೂರಿಸಿದರೆ ಅದು ದುಡಿತ. ಆ ಮೇಷ್ಟ್ರು ಹುಡುಕಿಕೊಂಡು ಬಂದಿದ್ದೂ ಅಂಥ ಮಕ್ಕಳನ್ನೇ.

ಒಂದು ದಪ್ಪ ನೋಟ್‌ಬುಕ್ ಇಡಿ, ದಿನಕ್ಕೆ ನಾಲ್ಕು ಸಾಲು. ‘ಮಂಗಳವಾರ. ಎರಡು ಪುಟ ಓದಿದ, ಸ್ವಾತಂತ್ರ್ಯ, ರಾಷ್ಟ್ರ ಪದಗಳಲ್ಲಿ ನಿಂತ. 34ನ್ನು 6ರಿಂದ ಗುಣಿಸುವುದು ಎರಡು ಸಲ ತಪ್ಪು, ಮೂರನೇ ಸಲ ಸರಿ. ಮಳೆ ಅಳೆಯಲು ಬಾಟಲಿ ಕತ್ತರಿಸಿ ಇಟ್ಟ.’ ಇಷ್ಟೇ. ಹೊಗಳಿಕೆ, ಬೈಗುಳ ಬೇಡ. ತಿಂಗಳಿಗೊಂದು ಸಲ ಅವನೇ ಬರೆದ ಒಂದು ಪುಟ ಅಂಟಿಸಿ. ಅಧಿಕಾರಿ ಬಂದರೆ, ಭಾವ ಬಂದರೆ ಇದನ್ನೇ ತೋರಿಸಬಹುದು. ರಾತ್ರಿ ನಿದ್ದೆ ಬಾರದಾಗ ಜೂನ್ ತಿಂಗಳ ಪುಟ ತಿರುವಿ ನೋಡಿದರೆ ಎಷ್ಟು ದೂರ ಬಂದಿದ್ದೀರಿ ಎಂಬುದು ನಿಮಗೂ ಕಾಣುತ್ತದೆ. ಮಟ್ಟ ಎಲ್ಲಿದೆ ಎಂದು ನೋಡಲು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ನಾಲ್ಕನೆಯದರ ಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಪುಟ ಪುಟ ಮುಗಿಸದಿದ್ದರೂ ಅಳತೆಗೋಲಾಗಿ ಇಟ್ಟುಕೊಳ್ಳಿ. ಓದಲು ಚಿಕ್ಕ ಚಿಕ್ಕ ಕನ್ನಡ ಕತೆಗಳು ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿವೆ. 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ, ಈಗ ಅವಕ್ಕೆ ಅರಿವು ಕೇಂದ್ರ ಎಂಬ ಹೆಸರು. ವಾರಕ್ಕೆರಡು ಸಲ ಸಂಜೆ ಅಲ್ಲಿಗೆ ಕಳಿಸಿ. ಮನೆಯಲ್ಲಿ ಕಲಿಯುವ ಮಗು ಜನರ ಜೊತೆ ಬೆರೆಯುವುದಿಲ್ಲ ಎಂಬ ಆಕ್ಷೇಪ ಪೂರ್ತಿ ಸುಳ್ಳಲ್ಲ. ಊರ ಮಕ್ಕಳು ಶಾಲೆಯಿಂದ ಬಂದು ಆಡುವ ಹೊತ್ತಿನಲ್ಲಿ ಅವನೂ ದಿನಾ ಅಲ್ಲಿರಬೇಕು.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಜನರೂ ಅಲ್ಲ, ಬಿಇಒ ಕಚೇರಿಯೂ ಅಲ್ಲ. ‘ಓದು ನಿಧಾನ’ ಎಂಬ ಎರಡು ಪದ. ಶಾಲೆ ಅವಮಾನಿಸಿದ್ದು ತಪ್ಪು, ಆದರೆ ಶಾಲೆ ಗಮನಿಸಿದ್ದು ನಿಜವಿರಬಹುದು. ಒಂಬತ್ತೂವರೆಗೆ ಗುಣಿತಾಕ್ಷರ ಸಲೀಸಾಗಿ ಬರಬೇಕು, ಒತ್ತಕ್ಷರದಲ್ಲಿ ಅಲ್ಲೊಮ್ಮೆ ಇಲ್ಲೊಮ್ಮೆ ತಡವರಿಸಿದರೆ ಚಿಂತೆಯಿಲ್ಲ. ಆದರೆ ಕೇಳಿಸಿಕೊಂಡಿದ್ದೆಲ್ಲ ಚೆನ್ನಾಗಿ ಅರ್ಥವಾಗುತ್ತದೆ, ಓದಲು ಕೂತರೆ ಮಾತ್ರ ಒಂದೇ ಪದ ಮೇಲಿನ ಸಾಲಿನಲ್ಲಿ ಬಂದು ಕೆಳಗಿನ ಸಾಲಿನಲ್ಲಿ ಬಾರದು, ಬರೆಯುವಾಗ ದೀರ್ಘ, ಒತ್ತು ಬಿಟ್ಟುಹೋಗುತ್ತವೆ ಎಂದಾದರೆ ಡಿಸ್ಲೆಕ್ಸಿಯಾ ಎಂಬ ಓದಿನ ತೊಂದರೆ ಇದೆಯೇ ಎಂದು ಪರೀಕ್ಷೆ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಇದನ್ನು ನೋಡುತ್ತಾರೆ. ಅದಕ್ಕೂ ಮುಂಚೆ ಕಣ್ಣು, ಕಿವಿ ತೋರಿಸಿ. ಮನೆಯಲ್ಲಿ ಕಲಿಸುವಾಗ ಪ್ರೀತಿಯಿಂದಲೇ ನಾವೇ ಓದಿ ಹೇಳಿಬಿಡುತ್ತೇವೆ, ತೊಂದರೆ ಮುಚ್ಚಿಕೊಂಡು ಬೆಳೆಯುತ್ತದೆ. ಮೇಲೆ ಹೇಳಿದ ಹಾಗೆ ದಿನಾ ಓದಿಸಿಯೂ ಮೂರ್ನಾಲ್ಕು ತಿಂಗಳಲ್ಲಿ ನೋಟ್‌ಬುಕ್ಕಿನಲ್ಲಿ ಬದಲಾವಣೆ ಕಾಣದಿದ್ದರೆ ತಡ ಮಾಡಬೇಡಿ.

ಮುಂದಿನ ದಾರಿಗಳ ಬಗ್ಗೆ. ಶಾಲೆಗೆ ವಾಪಸು ಕಳಿಸುವುದು ಸೋಲಲ್ಲ, ಬಾಗಿಲೂ ಮುಚ್ಚಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ನಡುವೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು. ಮನೆಯಲ್ಲೇ ಮುಂದುವರಿಸಿದರೆ 14 ತುಂಬಿದ ಮೇಲೆ ಎನ್‌ಐಒಎಸ್ ಎಂಬ ಕೇಂದ್ರದ ಮುಕ್ತ ಶಾಲಾ ಮಂಡಳಿಯಲ್ಲಿ ಹತ್ತನೇ ತರಗತಿಗೆ ಸಮನಾದ ಪರೀಕ್ಷೆಗೆ ನೋಂದಾಯಿಸಬಹುದು. ಕನಿಷ್ಠ ಐದು ವಿಷಯ, ವರ್ಷಕ್ಕೆರಡು ಸಲ ಪರೀಕ್ಷೆ, ಐದು ವರ್ಷದೊಳಗೆ ಒಂದೊಂದೇ ವಿಷಯ ಮುಗಿಸುವ ಸೌಲಭ್ಯ ಇರುವುದರಿಂದ ನಿಧಾನ ಕಲಿಯುವವರಿಗೆ ಅನುಕೂಲ. ಆದರೆ ಸುಲಭವೆಂದು ಗಣಿತ, ವಿಜ್ಞಾನ ಬಿಟ್ಟು ಐದು ವಿಷಯ ಆರಿಸಿಕೊಂಡವರು ಪಿಯು ವಿಜ್ಞಾನದ ಬಾಗಿಲಲ್ಲಿ ಪೇಚಾಡುತ್ತಾರೆ. ಎಸ್‌ಎಸ್‌ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವ ದಾರಿಯೂ ಇದೆ, ಕನ್ನಡದಲ್ಲಿ ಓದಿದವರಿಗೆ ಅದೇ ಹತ್ತಿರ. ಪೋಷಕರು ಸೇರಿ ನಡೆಸುವ ಪರ್ಯಾಯ ಕೇಂದ್ರಗಳಿಗೆ ಸೇರಿಸುವುದಾದರೆ ಮಾನ್ಯತೆ ಕೇಳಿ. ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ 1 ಲಕ್ಷ ರೂಪಾಯಿವರೆಗೆ ದಂಡವಿದೆ. ದಂಡ ಕಟ್ಟುವುದು ನಡೆಸುವವರಾದರೂ ನಡುವೆ ಬಾಗಿಲು ಮುಚ್ಚಿದರೆ ಬೀದಿಗೆ ಬೀಳುವುದು ಮಕ್ಕಳು.

ನನ್ನ ಅಭಿಪ್ರಾಯ ಕೇಳಿದರೆ, ಇನ್ನೊಂದೆರಡು ವರ್ಷ ಮನೆಯಲ್ಲೇ ಓದನ್ನು ಗಟ್ಟಿ ಮಾಡಿ, ಎಂಟನೆಯದಕ್ಕೆ ಮುಂಚೆ ಶಾಲೆ ಸೇರಿಸುವ ಬಾಗಿಲು ತೆರೆದಿಟ್ಟುಕೊಳ್ಳಿ. ಅಲ್ಲಿಯವರೆಗೆ ಪ್ರತಿ ಮಾರ್ಚ್‌ನಲ್ಲಿ ಅವನನ್ನೇ ಕೂರಿಸಿಕೊಂಡು ಕೇಳಿ, ಹೋಗಬೇಕು ಅನ್ನಿಸುತ್ತಿದೆಯಾ ಎಂದು. ಹೂಂ ಅಂದರೆ ಏಪ್ರಿಲ್‌ನಲ್ಲೇ ಜನನ ಪ್ರಮಾಣಪತ್ರ, ಟಿಸಿ, ಆ ನೋಟ್‌ಬುಕ್ ಹಿಡಿದುಕೊಂಡು ಹತ್ತಿರದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರನ್ನು ನೋಡಿ. ಅವನು ಹಿಂದೆ ಯಾಕೆ ಶಾಲೆ ಬಿಟ್ಟ ಎಂಬುದನ್ನು, ಅವನು ಪಕ್ಕದಲ್ಲಿಲ್ಲದಾಗ, ಮುಚ್ಚಿಡದೆ ಅವರಿಗೆ ಹೇಳಿ.